ರೆಸ್ಪಿರೇಟರಿ ಥೆರಪಿ ಪದವಿ: ಕೊಡಗಿನಿಂದ ನೋಡಿದರೆ ಹೇಗಿದೆ?

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಆಂಬುಲೆನ್ಸಿಗೂ ಎರಡೂವರೆ ಗಂಟೆ ಬೇಕು, ಜೋರು ಮಳೆಯಿದ್ದರೆ ಮೂರು. ಗಾಡಿಯೊಳಗಿರುವ ಬಿ-ಟೈಪ್ ಆಕ್ಸಿಜನ್ ಸಿಲಿಂಡರಿನಲ್ಲಿ ಹಿಡಿಯುವ ನೀರಿನ ಅಳತೆ 10 ಲೀಟರ್. ಪೂರ್ತಿ ತುಂಬಿದಾಗ ಗೇಜು 150 ಬಾರ್ ಒತ್ತಡದ ಆಸುಪಾಸು ತೋರಿಸುತ್ತದೆ. ಎರಡನ್ನೂ ಗುಣಿಸಿದರೆ 1,500 ಲೀಟರ್ ಆಮ್ಲಜನಕ. ರೋಗಿಗೆ ನಿಮಿಷಕ್ಕೆ 5 ಲೀಟರ್ ಸಾಕಾದರೆ ಐದು ಗಂಟೆ ಬರುತ್ತದೆ. ಚೀಲವಿರುವ ಮಾಸ್ಕಿನಲ್ಲಿ 15 ಲೀಟರ್ ಕೊಡಬೇಕಾಗಿ ಬಂದರೆ 100 ನಿಮಿಷ ಅಷ್ಟೇ, ಹುಣಸೂರಿನ ಆಚೀಚೆ ಗೇಜು ಸೊನ್ನೆಗೆ ಇಳಿದಿರುತ್ತದೆ. ಗಾಡಿ ಹೊರಡುವ ಮೊದಲೇ ಈ ಲೆಕ್ಕ ಹಾಕಿ, ಎರಡನೇ ಸಿಲಿಂಡರು ಹತ್ತಿಸಿ, ಅದನ್ನು ತೆರೆಯುವ ಕೀಲಿಯೂ ಜೊತೆಗಿದೆಯೇ ಎಂದು ನೋಡುವವರನ್ನು ತಯಾರು ಮಾಡುವ ಓದೇ ರೆಸ್ಪಿರೇಟರಿ ಥೆರಪಿ, ಅಂದರೆ ಉಸಿರಾಟದ ಚಿಕಿತ್ಸೆಯ ವಿದ್ಯೆ.

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಈ ಪದವಿಯ ಹೆಸರು ಬಿ.ಎಸ್ಸಿ. ರೆಸ್ಪಿರೇಟರಿ ಕೇರ್ ಟೆಕ್ನಾಲಜಿ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮಣಿಪಾಲದಲ್ಲಿ ಇದೇ ಓದಿಗೆ ರೆಸ್ಪಿರೇಟರಿ ಥೆರಪಿ ಎನ್ನುತ್ತಾರೆ. ಆಸ್ಪತ್ರೆಯೊಳಗೆ ಎಲ್ಲರ ಬಾಯಲ್ಲೂ ‘ಆರ್‌ಟಿ’. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ ರೆಸ್ಪಿರೇಟರಿ ಟೆಕ್ನಾಲಜಿಸ್ಟ್ ಎಂಬ ವೃತ್ತಿಯ ಹೆಸರು ಸೇರಿದೆ. ಹಾಗಾಗಿ ‘ಇದೇನು ಹೊಸ ಡಿಪ್ಲೊಮಾನಾ?’ ಎಂದು ಕೇಳುವ ಮಾವಂದಿರಿಗೆ ಉತ್ತರ ಸಿದ್ಧವಿದೆ.

ಕೋರ್ಸು ಒಳ್ಳೆಯದು. ಮಾಡಬಹುದು, ಮಾಡಬೇಕು ಎಂದೇ ನಮ್ಮ ಅಭಿಪ್ರಾಯ. ಆದರೆ ಪಠ್ಯಕ್ರಮ ಒಂದೇ ಇದ್ದರೂ ಎರಡು ಕಾಲೇಜುಗಳಲ್ಲಿ ಸಿಗುವ ಪದವಿ ಎರಡು ಬೇರೆ ಬೇರೆ ವಸ್ತುಗಳೇ. ವ್ಯತ್ಯಾಸವಾಗುವುದು ವಾರ್ಡಿನಲ್ಲಿ, ಯಂತ್ರದ ಮೇಲೆ ಕೈಯಿಟ್ಟ ಗಂಟೆಗಳಲ್ಲಿ. ಕಟ್ಟಡ, ಹಾಸ್ಟೆಲು, ವಾರ್ಷಿಕೋತ್ಸವದ ಫೋಟೊ ನೋಡಿ ಸೀಟು ಹಿಡಿದವರು ಇಂಟರ್ನ್‌ಶಿಪ್ಪಿಗೆ ಬಂದಾಗ ಪೇಚಾಡುತ್ತಾರೆ.

ಮೊದಲ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಪೆಥಾಲಜಿ ಇವೆಲ್ಲ ಉಳಿದ ಅಲೈಡ್ ಹೆಲ್ತ್ ವಿದ್ಯಾರ್ಥಿಗಳಿಗೆ ಇರುವಂಥವೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಶಬ್ದಗಳದ್ದೇ ಕಷ್ಟ. ಫಿಸಿಯಾಲಜಿಯಲ್ಲಿ ಉಸಿರಾಟದ ಅಧ್ಯಾಯವನ್ನು ಪಾಸಾಗಲು ಓದಿ ಬಿಡಬೇಡಿ, ಮುಂದಿನ ಮೂರೂ ವರ್ಷ ಅದರ ಮೇಲೆಯೇ ನಿಂತಿರುತ್ತದೆ. ಸೇರಿದ ವಾರದಲ್ಲೇ ಮಾಡಬೇಕಾದ ಇನ್ನೊಂದು ಕೆಲಸ ಹೆಪಟೈಟಿಸ್-ಬಿ ಲಸಿಕೆ. ಮೂರು ಚುಚ್ಚುಮದ್ದು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ವಾರ್ಡಿಗೆ ಹೋಗುವ ಹಿಂದಿನ ದಿನ ನೆನಪಾದರೆ ಆರು ತಿಂಗಳು ಪೂರ್ತಿ ರಕ್ಷಣೆಯಿಲ್ಲದೆ ರಕ್ತ ಮುಟ್ಟಬೇಕಾಗುತ್ತದೆ.

ಎರಡನೇ ವರ್ಷದ ಸಲಕರಣೆಗಳ ಪಾಠವೇ ಈ ಕೋರ್ಸಿನ ಜೀವಾಳ. ಸಿಲಿಂಡರಿನಿಂದ ಶುರು. ಕಪ್ಪು ಮೈ, ಬಿಳಿ ಹೆಗಲು ಇದ್ದರೆ ಆಕ್ಸಿಜನ್. ಪಿನ್ ಇಂಡೆಕ್ಸ್ ವಾಲ್ವಿನಲ್ಲಿ ಆಕ್ಸಿಜನ್ನಿಗೆ 2 ಮತ್ತು 5ನೇ ಸ್ಥಾನ, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಒಂದರ ಜಾಗಕ್ಕೆ ಇನ್ನೊಂದು ಕೂರದಂತೆ ಈ ಏರ್ಪಾಡು. ರೆಗ್ಯುಲೇಟರು ಹಾಕುವ ಮೊದಲು ವಾಲ್ವನ್ನು ಒಂದು ಕ್ಷಣ ಸ್ವಲ್ಪ ತೆರೆದು ಮುಚ್ಚಿ ದೂಳು ಹಾರಿಸಬೇಕು. ನಡುವಿನ ವಾಷರು ಹರಿದಿದ್ದರೆ ಸುಯ್ಯೆಂದು ಸೋರುತ್ತದೆ. ಆಗ ಕೆಲವರು ಗ್ರೀಸ್ ಹಚ್ಚಲು ಹೋಗುತ್ತಾರೆ. ಆಕ್ಸಿಜನ್ನಿನ ಒತ್ತಡದಲ್ಲಿ ಎಣ್ಣೆ, ಗ್ರೀಸು ತಾನಾಗಿಯೇ ಹೊತ್ತಿಕೊಳ್ಳಬಹುದು. ತೋಟದ ಮೋಟರು ಬಿಚ್ಚಿ ಬಂದ ಕೈಯಲ್ಲಿ ರೆಗ್ಯುಲೇಟರು ಮುಟ್ಟಬಾರದು ಎಂದು ಮನೆಯವರಿಗೂ ಹೇಳಿಕೊಡಬೇಕು. ಸೋರಿದರೆ ವಾಷರು ಬದಲಿಸಬೇಕು, ಬೇರೆ ದಾರಿಯಿಲ್ಲ.

ಆಮೇಲೆ ಮಾಸ್ಕುಗಳು. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1ರಿಂದ 6 ಲೀಟರ್. ಸಾದಾ ಮಾಸ್ಕಿಗೆ 5 ಲೀಟರಿಗಿಂತ ಕಡಿಮೆ ಕೊಡಬಾರದು, ಕೊಟ್ಟರೆ ಬಿಟ್ಟ ಉಸಿರನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಾರೆ. ಚೀಲದ ಮಾಸ್ಕಿನಲ್ಲಿ ಉಸಿರು ಎಳೆದಾಗ ಚೀಲ ಪೂರ್ತಿ ಬತ್ತಿಹೋಗದಷ್ಟು ಹರಿವು ಬೇಕು. ವೆಂಚುರಿ ಮಾಸ್ಕಿನಲ್ಲಿ ಬಣ್ಣವೇ ಲೆಕ್ಕ: ನೀಲಿಗೆ 2 ಲೀಟರ್, ಶೇ 24. ಬಿಳಿಗೆ 4 ಲೀಟರ್, ಶೇ 28. ಹಳದಿಗೆ 8 ಲೀಟರ್, ಶೇ 35. ಕೆಂಪಿಗೆ 10 ಲೀಟರ್, ಶೇ 40. ಬಿಳಿ ತುಂಡಿನ ಪಕ್ಕದ ಕಿಂಡಿಗಳಿಂದ ಒಂದು ಪಾಲು ಆಕ್ಸಿಜನ್ನಿಗೆ ಹತ್ತು ಪಾಲು ಗಾಳಿ ಸೇರಿ, ರೋಗಿಯ ಮುಖಕ್ಕೆ ಒಟ್ಟು 44 ಲೀಟರ್ ತಲುಪುತ್ತದೆ. ಕಕ್ಕಡ ತಿಂಗಳ ಮಳೆಯ ಚಳಿಯಲ್ಲಿ ರೋಗಿಗೆ ಗಂಟಲವರೆಗೆ ಕಂಬಳಿ ಹೊದಿಸುವುದು ನಮ್ಮಲ್ಲಿ ಸಾಮಾನ್ಯ. ಆ ಕಂಬಳಿ ಕಿಂಡಿಗಳನ್ನು ಮುಚ್ಚಿತೆಂದರೆ ಹೊರಗಾಳಿ ಸೇರದೆ ಆಮ್ಲಜನಕದ ಪ್ರಮಾಣ ಏರುತ್ತದೆ, ಒಟ್ಟು ಹರಿವು ಇಳಿಯುತ್ತದೆ. ಒಲೆಯ ಹೊಗೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಹತ್ತಿಸಿಕೊಂಡ ಅಜ್ಜಿಗೆ ನಾವು ಹಿಡಿಯಬೇಕಾದ ಗುರಿ ಬೆರಳಿನ ಆಕ್ಸಿಮೀಟರಿನಲ್ಲಿ ಶೇ 88ರಿಂದ 92. ಅದು 98ಕ್ಕೆ ಏರಿದ್ದನ್ನು ನೋಡಿ ಮನೆಯವರು ಸಮಾಧಾನಪಡುತ್ತಿರುವಾಗಲೇ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅಜ್ಜಿ ಮಂಪರಿಗೆ ಜಾರುತ್ತಿರಬಹುದು. ಕಂಬಳಿ ಸರಿಸುವುದು ಸಣ್ಣ ಕೆಲಸವೇ. ಯಾಕೆ ಸರಿಸಬೇಕು ಎಂದು ತಿಳಿಯುವುದಕ್ಕೆ ಎರಡನೇ ವರ್ಷ ಪೂರ್ತಿ ಬೇಕು.

ರಕ್ತದ ಅನಿಲ ಪರೀಕ್ಷೆ, ಅಂದರೆ ಎಬಿಜಿ, ಕೈಗೆ ಕೂರಲು ಸಮಯ ಹಿಡಿಯುವ ವಿದ್ಯೆ. ಮಣಿಕಟ್ಟಿನ ಧಮನಿಯಿಂದ ತೆಗೆಯುವ ಮೊದಲು ಆಲನ್ ಪರೀಕ್ಷೆ: ಎರಡೂ ಧಮನಿ ಒತ್ತಿ, ಅಂಗೈ ಬಿಳುಚಿದ ಮೇಲೆ ಕಿರುಬೆರಳ ಕಡೆಯದನ್ನು ಬಿಡಬೇಕು. 5ರಿಂದ 15 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಸೂಜಿ ಸುಮಾರು 45 ಡಿಗ್ರಿ ಓರೆ. ತೆಗೆದ ಮೇಲೆ ಕನಿಷ್ಠ 5 ನಿಮಿಷ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಇನ್ನೂ ಹೆಚ್ಚು. ತಪ್ಪಾಗುವುದು ಹೆಚ್ಚಾಗಿ ಸಿರಿಂಜಿನಲ್ಲೇ. ರಕ್ತ ಹೆಪ್ಪುಗಟ್ಟದಂತೆ ಹಾಕುವ ದ್ರವ ಹೆಪಾರಿನ್ ಹೆಚ್ಚಾಗಿ ಉಳಿದಿದ್ದರೆ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಸುಳ್ಳಾಗಿ ಇಳಿಯುತ್ತವೆ. ಗಾಳಿಗುಳ್ಳೆ ಉಳಿದರೆ ಹೊರಗಾಳಿಯ ಆಮ್ಲಜನಕ ಸೇರಿ ಕೆಟ್ಟಿರುವ ರಕ್ತವೂ ಚೆನ್ನಾಗಿರುವಂತೆ ಕಾಣುತ್ತದೆ. ಪ್ಲಾಸ್ಟಿಕ್ ಸಿರಿಂಜಿನ ಮಾದರಿಯನ್ನು ಅರ್ಧ ಗಂಟೆಯೊಳಗೆ ಯಂತ್ರಕ್ಕೆ ಕೊಡದೆ ಮೇಜಿನ ಮೇಲೆ ಬಿಟ್ಟರೆ ರಕ್ತಕಣಗಳು ಉಸಿರಾಡುತ್ತಲೇ ಇರುತ್ತವೆ, ಅಂಕಿ ಬದಲಾಗುತ್ತಲೇ ಇರುತ್ತದೆ.

ಇಲ್ಲಿ ಪಾಠದಲ್ಲಿ ಒಂದು ಕೊರತೆ ಕಾಣುತ್ತದೆ, ಕೊಡಗಿನವರಿಗೆ ಇದು ಮುಖ್ಯ. ತರಗತಿಯಲ್ಲಿ ಬಿಡಿಸುವ ಲೆಕ್ಕಗಳೆಲ್ಲ ಸಮುದ್ರ ಮಟ್ಟದವು. ಶ್ವಾಸಕೋಶದ ಗಾಳಿಗೂಡಿನಲ್ಲಿ ಆಮ್ಲಜನಕದ ಒತ್ತಡ ಎಷ್ಟಿರಬೇಕು ಎಂದು ತಿಳಿಯಲು ವಾಯುಭಾರದಿಂದ ನೀರಾವಿಯ 47 ಕಳೆದು (ಒತ್ತಡಗಳೆಲ್ಲ ಪಾದರಸದ ಮಿ.ಮೀ.ನಲ್ಲಿ), 0.21ರಿಂದ ಗುಣಿಸಿ, ರಕ್ತದ ಡೈಆಕ್ಸೈಡನ್ನು (ಸಾಮಾನ್ಯವಾಗಿ 40) 0.8ರಿಂದ ಭಾಗಿಸಿ ಬಂದದ್ದನ್ನು ಕಳೆಯಬೇಕು. ಮಂಗಳೂರಿನಲ್ಲಿ ವಾಯುಭಾರ 760, ಉತ್ತರ ಸುಮಾರು 100. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿನ ವಾಯುಭಾರ 660ರ ಆಸುಪಾಸು. ಅದೇ ಲೆಕ್ಕ ಅಲ್ಲಿ 79ಕ್ಕೆ ನಿಲ್ಲುತ್ತದೆ. ಈಗ ಮಡಿಕೇರಿಯ ಒಬ್ಬರ ರಕ್ತದಲ್ಲಿ ಆಮ್ಲಜನಕದ ಒತ್ತಡ 70 ಬಂತು ಎನ್ನೋಣ. 760 ಹಾಕಿ ಲೆಕ್ಕ ಮಾಡಿದವರಿಗೆ 30ರ ಅಂತರ ಕಂಡು ಶ್ವಾಸಕೋಶವೇ ಕೆಟ್ಟಿದೆ ಅನಿಸುತ್ತದೆ. 660 ಹಾಕಿದವರಿಗೆ ಅಂತರ 9, ಅದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಹಾಗೆಂದು ನಿರಾಳವಾಗಿಯೂ ಇರುವಂತಿಲ್ಲ. ನೆಲೆಯೇ ತಗ್ಗಿರುವುದರಿಂದ ನ್ಯುಮೋನಿಯಾ ಬಂದಾಗ ಘಟ್ಟದ ಮೇಲಿನವರು ಬೇಗ ಕುಸಿಯುತ್ತಾರೆ. ಕುಶಾಲನಗರ, ವಿರಾಜಪೇಟೆ ಇನ್ನಷ್ಟು ತಗ್ಗಿನಲ್ಲಿವೆ, ಅಲ್ಲಿಗೆ ಅಲ್ಲಿಯ ವಾಯುಭಾರವೇ ಬೇಕು. ಬಯಲುಸೀಮೆಯಲ್ಲೋ ಕರಾವಳಿಯಲ್ಲೋ ಓದಿ ಬಂದವರು ಊರಿಗೆ ಮರಳಿದ ಮೊದಲ ದಿನ ಈ ಅಂಕಿಯನ್ನು ಯಂತ್ರದ ಪರದೆಯಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಬೆರಳಿನ ಆಕ್ಸಿಮೀಟರಿಗೂ ಒಂದು ಮಾತು: ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಅದು ತೋರಿಸುವುದನ್ನು ನಂಬಬೇಡಿ. ಕೈ ಬೆಚ್ಚಗೆ ಮಾಡಿ, ಅಲೆ ಸ್ಥಿರವಾದ ಮೇಲೆ ಓದಿ.

ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿಯನ್ನು ಬಹಳ ಕಾಲೇಜುಗಳಲ್ಲಿ ಲಘುವಾಗಿ ತೆಗೆದುಕೊಳ್ಳುತ್ತಾರೆ. ಊದಿಸುವುದು ತಾನೇ ಎಂಬ ಭಾವ. ಬೆಳಿಗ್ಗೆ 3 ಲೀಟರಿನ ಸಿರಿಂಜಿನಿಂದ ಯಂತ್ರ ಪರೀಕ್ಷಿಸಿದಾಗ ವ್ಯತ್ಯಾಸ ಶೇ 3ರೊಳಗೆ ಇರಬೇಕು. ರೋಗಿಯಿಂದ ಸ್ವೀಕಾರಾರ್ಹವಾದ ಮೂರು ಊದು ಬೇಕು, ಅದರಲ್ಲಿ ಉತ್ತಮವಾದ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಕೂಡದು. ಆಮೇಲೆ ಶ್ವಾಸನಾಳ ಹಿಗ್ಗಿಸುವ ಸಾಲ್ಬ್ಯುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಇಷ್ಟೆಲ್ಲ ನಿಂತಿರುವುದು ಹೇಳಿಕೊಡುವವರ ಬಾಯಿಯ ಮೇಲೆ. ‘ತುಂಬಾ ಎಳೀರಿ, ಈಗ ಒಂದೇ ಸಲ ಜೋರಾಗಿ, ಬಿಡಿ ಬಿಡಿ ಬಿಡಿ, ಇನ್ನೂ ಬಿಡಿ’ ಎಂದು ರೋಗಿಯ ಭಾಷೆಯಲ್ಲಿ ಹುರಿದುಂಬಿಸದಿದ್ದರೆ ಒಳ್ಳೆಯ ಶ್ವಾಸಕೋಶವೂ ಕಾಗದದ ಮೇಲೆ ರೋಗಿಷ್ಟವಾಗುತ್ತದೆ. ಕೊಡಗಿನ ಒಂದು ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು, ತಮಿಳು, ಲೈನ್ ಮನೆಗಳಿಗೆ ಹೊಸದಾಗಿ ಬಂದ ಅಸ್ಸಾಮಿನ ಕಾರ್ಮಿಕರ ಭಾಷೆ, ಹಾಡಿಗಳಿಂದ ಬಂದವರ ನುಡಿ ಎಲ್ಲ ಒಟ್ಟಿಗೆ ಕೇಳುತ್ತವೆ. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಇವುಗಳಲ್ಲಿ ಮೂರೋ ನಾಲ್ಕೋ ಮನೆಯಿಂದಲೇ ಬಂದಿರುತ್ತವೆ. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ, ಆದರೆ ಊದಿಸುವ ಕೋಣೆಯಲ್ಲಿ ಇದಕ್ಕಿಂತ ದೊಡ್ಡ ಅರ್ಹತೆಯಿಲ್ಲ.

ಮೂರನೇ ವರ್ಷ ವೆಂಟಿಲೇಟರ್. ಎಲ್ಲರೂ ಕಾಯುವುದು ಇದಕ್ಕೆ, ಎಲ್ಲರೂ ಹೆದರುವುದೂ ಇದಕ್ಕೇ. ಗುಂಡಿಗಳು ಎರಡು ವಾರದಲ್ಲಿ ಬರುತ್ತವೆ, ಕಷ್ಟವಿರುವುದು ಅಂಕಿಯಲ್ಲಿ. ಒಂದು ಉಸಿರಿಗೆ ಎಷ್ಟು ಗಾಳಿ ಎಂಬುದನ್ನು ಎತ್ತರದಿಂದ ಕಂಡುಹಿಡಿಯಬೇಕು. ಮಂಚದ ಮೇಲಿರುವ ತೂಕ ಲೆಕ್ಕಕ್ಕಿಲ್ಲ, ಏಕೆಂದರೆ ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಹೆಂಗಸರಿಗೆ 45.5, ಗಂಡಸರಿಗೆ 50. ಅದಕ್ಕೆ, ಸೆಂಟಿಮೀಟರಿನ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿದ್ದನ್ನು ಕೂಡಿಸಬೇಕು. ಹೀಗೆ ಬರುವುದು ಎತ್ತರಕ್ಕೆ ತಕ್ಕ ತೂಕ, 150 ಸೆಂ.ಮೀ. ಎತ್ತರದ ಹೆಂಗಸಿಗೆ 43 ಕೆ.ಜಿ. ಶ್ವಾಸಕೋಶ ಹಾನಿಯಾಗಿದ್ದರೆ ಕೆ.ಜಿ.ಗೆ 6 ಮಿ.ಲೀ.ನಂತೆ 260 ಮಿ.ಲೀ. ಯಂತ್ರದಲ್ಲಿ ಹಿಂದಿನ ರೋಗಿಗೆ ಇಟ್ಟ 500 ಹಾಗೆಯೇ ಉಳಿದಿದ್ದರೆ ಈಕೆಯ ಪಾಲಿಗೆ ಅದು ಹೆಚ್ಚುಕಡಿಮೆ ಇಮ್ಮಡಿ. ಅಲಾರಂ ಕೂಡ ಕೂಗದೆ ಶ್ವಾಸಕೋಶ ಹರಿಯಬಹುದು. ಟೇಪು ಹಿಡಿದು ಎತ್ತರ ಅಳೆಯುವ ಅಭ್ಯಾಸವಿಲ್ಲದ ಐಸಿಯುವಿನಲ್ಲಿ ಕಲಿತವರಿಗೆ ಈ ಅಪಾಯ ಜೀವನಪೂರ್ತಿ ಕಾಣುವುದಿಲ್ಲ.

ಶ್ವಾಸನಾಳದೊಳಗೆ ಹಾಕಿದ ಟ್ಯೂಬಿನ ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರು. ಬೆರಳಿನಿಂದ ಒತ್ತಿ ಅಂದಾಜು ಮಾಡುವುದು ನಡೆಯದು, ಮಾನೋಮೀಟರ್ ಬೇಕು. ಕಫ ಎಳೆಯುವಾಗ 8 ಮಿ.ಮೀ. ಟ್ಯೂಬಿಗೆ 12 ಫ್ರೆಂಚ್ ಅಳತೆಯ ಕ್ಯಾತೀಟರ್, ಒಂದು ಸಲಕ್ಕೆ 15 ಸೆಕೆಂಡು ಮೀರಬಾರದು, ಮೊದಲು ಪೂರ್ತಿ ಆಮ್ಲಜನಕ ಕೊಟ್ಟಿರಬೇಕು. ಗಾಳಿಗೆ ತೇವ ಸೇರಿಸುವ ಬಿಸಿ ಹ್ಯುಮಿಡಿಫೈಯರ್ ಹಾಕಿದ್ದರೆ, ಬಿಟ್ಟ ಉಸಿರಿನ ಶಾಖ, ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ತೆಗೆಯಬೇಕು. ಎರಡೂ ಇದ್ದರೆ ಫಿಲ್ಟರ್ ನೀರು ಕುಡಿದು ಕಟ್ಟಿಕೊಳ್ಳುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ಇನ್ನೊಂದು ತಾಪತ್ರಯ ಇದೆ. 37 ಡಿಗ್ರಿಯ ತೇವದ ಗಾಳಿ ತಣ್ಣನೆಯ ಕೋಣೆಯ ಪೈಪಿನಲ್ಲಿ ಹಾದುಬರುವಾಗ ಆವಿ ನೀರಾಗಿ ಕೊಳವೆಯ ತಗ್ಗಿನಲ್ಲಿ ನಿಲ್ಲುತ್ತದೆ. ಆ ನೀರು ತುಳುಕಿದಾಗಲೆಲ್ಲ ರೋಗಿಯೇ ಉಸಿರೆಳೆದರೆಂದು ಯಂತ್ರ ತಿಳಿದು ಗಾಳಿ ನೂಕುತ್ತದೆ. ಪರದೆಯಲ್ಲಿ ಉಸಿರಿನ ಸಂಖ್ಯೆ 35 ತೋರಿಸುತ್ತಿದ್ದು ರೋಗಿಯ ಎದೆ ಅಷ್ಟು ಆಡದಿದ್ದರೆ ನಿದ್ದೆಯ ಔಷಧ ಹೆಚ್ಚಿಸುವ ಮೊದಲು ಪೈಪು ನೋಡಿ. ನೀರನ್ನು ಪೈಪಿನ ವಾಟರ್ ಟ್ರ್ಯಾಪ್ ಬಟ್ಟಲಿಗೆ ಇಳಿಸಿ, ರೋಗಿಯ ಕಡೆಗೆ ಎತ್ತಬೇಡಿ.

ತೋಟದ ಜಿಲ್ಲೆಗೆ ಬೇಕಾದ ಒಂದು ಅಧ್ಯಾಯ ಪಠ್ಯದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ: ಕೀಟನಾಶಕದ ವಿಷ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಕುಡಿದವರು ಮೊದಲ ದಿನದ ಬೆವರು, ಜೊಲ್ಲು ಎಲ್ಲ ಇಳಿದು ಮಾತನಾಡುತ್ತಿರುತ್ತಾರೆ. 24ರಿಂದ 96 ಗಂಟೆಯ ನಡುವೆ ಸ್ನಾಯುಗಳು ಸೋಲುತ್ತವೆ. ಮೊದಲ ಗುರುತು ದಿಂಬಿನಿಂದ ತಲೆ ಎತ್ತಲಾಗದಿರುವುದು. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಿ. ಆರೋಗ್ಯವಂತರು 50ರ ಹತ್ತಿರ ಹೋಗುತ್ತಾರೆ, 20ರೊಳಗೆ ನಿಂತರೆ ಕೂಡಲೇ ವೈದ್ಯರನ್ನು ಕರೆದು ವೆಂಟಿಲೇಟರ್ ಸಿದ್ಧ ಮಾಡಬೇಕು. ಕಟ್ಟಿಗೆ ಹಾವು, ನಾಗರಹಾವು ಕಚ್ಚಿದವರಿಗೂ ಇದೇ ಎಣಿಕೆ. ಯಾವ ಯಂತ್ರವೂ ಬೇಡದ ಈ ಪರೀಕ್ಷೆಯನ್ನು ಎರಡು ಗಂಟೆಗೊಮ್ಮೆ ಬರೆದಿಡುವ ವಾರ್ಡಿನಲ್ಲಿ ಕಲಿಯಲು ಸಿಕ್ಕರೆ ಅದು ಅದೃಷ್ಟ.

ಇನ್ನೊಂದು ದೊಡ್ಡ ಕೊರತೆ ಮನೆಯ ಚಿಕಿತ್ಸೆ. ಕೋರ್ಸಿನ ಕಣ್ಣೆಲ್ಲ ಐಸಿಯು ಕಡೆಗೆ. ಕೊಡಗಿನಲ್ಲಿ ಉಬ್ಬಸದ ರೋಗಿಗಳು ಇರುವುದು ಮನೆಯಲ್ಲಿ, ಅದೂ ಮುಖ್ಯರಸ್ತೆಯಿಂದ ಮೂರು ಕಿ.ಮೀ. ಒಳಗೆ. ರೋಟಾಹೇಲರಿನ ಕ್ಯಾಪ್ಸೂಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ತೆರೆದಿಟ್ಟರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ, ಎಷ್ಟು ಎಳೆದರೂ ಎದೆಗೆ ಹೋಗುವುದಿಲ್ಲ. ಬಚ್ಚಲ ಹತ್ತಿರದ ಕಪಾಟಿನಲ್ಲಿ ಇಡಬಾರದು, ಎಳೆಯುವ ಹೊತ್ತಿಗಷ್ಟೇ ಕ್ಯಾಪ್ಸೂಲ್ ತೆಗೆಯಬೇಕು. ಪುಡಿಯ ಇನ್ಹೇಲರನ್ನು ಜೋರಾಗಿ, ಬೇಗ ಎಳೆಯಬೇಕು. ಸ್ಪ್ರೇ ಇನ್ಹೇಲರನ್ನು ಸ್ಪೇಸರ್ ಎಂಬ ಕೊಳವೆಯ ಜೊತೆ ನಿಧಾನವಾಗಿ ಎಳೆದು 10 ಸೆಕೆಂಡು ಹಿಡಿಯಬೇಕು. ಎರಡನ್ನೂ ಬಳಸುವವರು ಅದಲುಬದಲು ಮಾಡಿ ಔಷಧ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ಆಕ್ಸಿಜನ್ ಕಾನ್ಸಂಟ್ರೇಟರ್ ಒಳಗಿನ ಜಿಯೊಲೈಟ್ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕ ಬಿಡುತ್ತದೆ. ತೇವ ಅದರ ಶತ್ರು. ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿಯೇ ಹಾಕಬೇಕು. ಮಳೆಗಾಲದಲ್ಲಿ ಒಣಗುವುದೇ ಇಲ್ಲವಾದ್ದರಿಂದ ಎರಡು ಫಿಲ್ಟರ್ ಇಟ್ಟುಕೊಳ್ಳುವುದು ಜಾಣತನ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ರಸ್ತೆಯೂ ಕರೆಂಟೂ ಒಟ್ಟಿಗೆ ಹೋಗುವ ಊರಿನಲ್ಲಿ ಕಾನ್ಸಂಟ್ರೇಟರಿನ ಜೊತೆ ತುಂಬಿದ ಬಿ-ಟೈಪ್ ಸಿಲಿಂಡರ್ ಇರಲೇಬೇಕು. ನಿಮಿಷಕ್ಕೆ 2 ಲೀಟರಿನಂತೆ ಅದು ಹನ್ನೆರಡೂವರೆ ಗಂಟೆ ಬರುತ್ತದೆ. ಇವನ್ನೆಲ್ಲ ಪದವಿ ಕಲಿಸಬೇಕಿತ್ತು. ಸದ್ಯಕ್ಕೆ ಇಂಟರ್ನ್‌ಶಿಪ್ಪಿನಲ್ಲಿ ಎದೆರೋಗದ ಹೊರರೋಗಿ ವಿಭಾಗವನ್ನು ಕೇಳಿ ಹಾಕಿಸಿಕೊಂಡು ಕಲಿಯಬೇಕು.

ಅಮೆರಿಕದಲ್ಲಿ ಇದೇ ವೃತ್ತಿಗೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿ ಸಾಕು ಎಂದು ಕೇಳಿದವರು ನಮ್ಮ ನಾಲ್ಕು ವರ್ಷ ಹೆಚ್ಚಾಯಿತೇ ಎಂದು ಯೋಚಿಸುತ್ತಾರೆ. ಅಲ್ಲಿ ಎರಡು ವರ್ಷಕ್ಕೆ ಮೊದಲೇ ಮುಗಿಸಬೇಕಾದ ವಿಜ್ಞಾನದ ವಿಷಯಗಳಿರುತ್ತವೆ. ಮುಗಿಸಿದ ಮೇಲೆ ಎನ್‌ಬಿಆರ್‌ಸಿ ಮಂಡಳಿಯ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸು. ಆ ಪರೀಕ್ಷೆಗೆ ಅಲ್ಲಿಯ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿರಬೇಕು. ಇಲ್ಲಿಯ ಬಿ.ಎಸ್ಸಿ. ಹಿಡಿದು ನೇರ ಹೋಗಿ ಬರೆಯಬಹುದು ಎಂದು ಏಜೆಂಟರು ಹೇಳಿದರೆ ನಂಬಬೇಡಿ. ಗಲ್ಫ್ ದೇಶಗಳ ದಾರಿ ಬೇರೆ. ಅಲ್ಲಿ ಪದವಿಯ ದಾಖಲೆ ಪರಿಶೀಲನೆ, ಲೈಸೆನ್ಸ್ ಪರೀಕ್ಷೆ, ಅನುಭವದ ಪತ್ರ ಕೇಳುತ್ತಾರೆ. ಹಾಗಾಗಿ ಇಂಟರ್ನ್‌ಶಿಪ್ಪಿನ ಲಾಗ್‌ಬುಕ್ಕಿಗೆ ದಿನದಿನವೂ ಸಹಿ ಹಾಕಿಸಿಕೊಳ್ಳಿ.

ಕಾಲೇಜು ಆರಿಸುವಾಗ ನೋಡಬೇಕಾದ್ದು: ಪಾಠ ಮಾಡುವವರಲ್ಲಿ ರೆಸ್ಪಿರೇಟರಿ ಥೆರಪಿಯನ್ನೇ ಓದಿದವರು ಎಷ್ಟು ಮಂದಿ? ರೋಗಿಗೆ ಹಾಕದೆ ವಿದ್ಯಾರ್ಥಿಗಳ ಕಲಿಕೆಗೆಂದೇ ಬಿಟ್ಟ ವೆಂಟಿಲೇಟರ್ ಮತ್ತು ಅಭ್ಯಾಸಕ್ಕೆ ಅದಕ್ಕೆ ಜೋಡಿಸುವ ಕೃತಕ ಶ್ವಾಸಕೋಶ ಇದೆಯೇ? ಎಬಿಜಿ ಯಂತ್ರ ಐಸಿಯುವಿನಲ್ಲೇ ಇದೆಯೇ? ನವಜಾತ ಶಿಶುಗಳ ಐಸಿಯುವಿಗೆ ಬಿಡುತ್ತಾರೆಯೇ? ಕೆಲವು ಕಡೆ ಆರ್‌ಟಿ ವಿದ್ಯಾರ್ಥಿಗಳಿಗೆ ಮೂರು ವರ್ಷವೂ ಸಿಲಿಂಡರ್ ಬದಲಿಸುವ, ಟ್ರಾಲಿ ತಳ್ಳುವ ಕೆಲಸವೇ ಬೀಳುತ್ತದೆ. ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಇದೆಯೇ, ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಹೋಗುವುದಾದರೆ ಭಾನುವಾರ ಬೇಡ. ವಾರದ ದಿನ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ, ಐಸಿಯುವಿನಿಂದ ಹೊರಬರುವ ಮೂರನೇ ವರ್ಷದವರನ್ನು ಮಾತನಾಡಿಸಿ. 150 ಸೆಂ.ಮೀ. ಎತ್ತರದ ಹೆಂಗಸಿಗೆ ಒಂದು ಉಸಿರಿಗೆ ಎಷ್ಟು ಇಡುತ್ತೀರಿ ಎಂದು ಕೇಳಿ. ಅವರು ಮೊದಲು ಶ್ವಾಸಕೋಶ ಹೇಗಿದೆ ಎಂದು ವಿಚಾರಿಸಿ, ಆಮೇಲೆ 260ರ ಆಸುಪಾಸಿನ ಅಂಕಿ ಹೇಳಿದರೆ ಅಲ್ಲಿ ಅರ್ಜಿ ಹಾಕಬಹುದು.